ನಾಲ್ಕು ವರ್ಷ ಹಳೇ ಸುದ್ದಿನ ಇವತ್ತಿಂದು ಅಂತ ಹಾಕ್ಬಿಟ್ಟೆ, ಡಿಲೀಟ್ ಮಾಡಿ ಸುಮ್ನಾಗ್ಲಾ?

ಹಳೇ_ರೇಡಿಯೋ:
ಮೊನ್ನೆ ರಾತ್ರಿ ಮಲಗೋ ಹೊತ್ತಲ್ಲಿ ಫೋನ್ ತಿಕ್ತಾ ಕೂತಿದ್ದೆ, ಪರಿಚಯದವರೊಬ್ರು ಹಾಕಿದ್ದ ಲಿಂಕ್ ಕಣ್ಣಿಗೆ ಬಿತ್ತು, "ಸೇತುವೆಯಲ್ಲಿ ಬಿರುಕು, ವಾಹನ ಸಂಚಾರ ಬಂದ್" ಅಂತ. ದಿನಾ ನಮ್ಮವರು ಓಡಾಡೋ ಸೇತುವೆ ಅದು. ಫೋಟೋದಲ್ಲಿ ಬಿರುಕು ಎದ್ದು ಕಾಣ್ತಿತ್ತು, ಪತ್ರಿಕೆ ಹೆಸರೂ ಗೊತ್ತಿರೋದೇ, ಇನ್ನೇನು ಬೇಕು. ಜನರ ಜೀವಕ್ಕೆ ಬೆಲೆನೇ ಇಲ್ವಾ, ಕಟ್ಟಿದವರನ್ನ ಅದೇ ಸೇತುವೆ ಕೆಳಗೆ ನಿಲ್ಲಿಸ್ಬೇಕು ಅಂತ ಮೂರು ಸಾಲು ಬಿಸಿಬಿಸಿಯಾಗಿ ಬರ್ದು ಫೇಸ್‌ಬುಕ್ಕಲ್ಲೂ ಹಾಕ್ದೆ, ಮನೆಯವರ ವಾಟ್ಸಾಪ್ ಗ್ರೂಪಲ್ಲೂ ಹಾಕ್ದೆ. ಬೆಳಗ್ಗೆ ಏಳೋಷ್ಟರಲ್ಲಿ ನಲವತ್ತು ಕಾಮೆಂಟು, ಎಲ್ಲಾ ನನ್ನ ಪರವೇ. ಖುಷಿ ಆಯ್ತು ಅಂತಾನೂ ಒಪ್ಕೋತೀನಿ.

ನಲವತ್ತೊಂದನೇದು ಹಾಕಿದ ಹುಡುಗ ಒಂದೇ ಪದ ಬರ್ದಿದ್ದ: "ತಾರೀಖು?"

ಲಿಂಕ್ ಒತ್ತಿ ನೋಡ್ದೆ. ನಾನು ಅದನ್ನ ಒತ್ತಿದ್ದೇ ಆಗ ಮೊದಲ ಸಲ. ನಾಲ್ಕು ವರ್ಷದ ಹಿಂದಿನ ಸುದ್ದಿ. ಆ ಬಿರುಕು ಸರಿ ಮಾಡಿ, ಸೇತುವೆ ಮತ್ತೆ ತೆರೆದು, ಅದರ ಮೇಲೆ ನಾನೇ ಎಷ್ಟೋ ಸಲ ಹೋಗಿಬಂದಿದೀನಿ! ಸುದ್ದಿ ಸುಳ್ಳಲ್ಲ, ಫೋಟೋ ಸುಳ್ಳಲ್ಲ, ಪತ್ರಿಕೆದೂ ತಪ್ಪಿಲ್ಲ, ಇವತ್ತಿಂದು ಅಂತ ಮಾಡಿದ್ದು ನಾನು. ಅಷ್ಟೊತ್ತಿಗೆ ಅತ್ತಿಗೆ ಗ್ರೂಪ್ ನೋಡ್ಕೊಂಡು ಸುತ್ತು ದಾರಿ ಹಿಡಿದು, ಡಾಕ್ಟರ್ ಕೊಟ್ಟಿದ್ದ ಟೈಮ್ ತಪ್ಪಿಸ್ಕೊಂಡು ವಾಪಸ್ ಬಂದಿದ್ರು.

ಗಾಬರಿಯಲ್ಲಿ ಎರಡೂ ಕಡೆ ಡಿಲೀಟ್ ಮಾಡ್ದೆ. ಯಾಕೆ ಅಂತ ಯಾರಿಗೂ ಹೇಳಿಲ್ಲ. ಎರಡು ದಿನದಿಂದ ಒಳಗೇ ಕೊರೀತಿದೆ. ಡಿಲೀಟ್ ಮಾಡಿದ್ದು ಸಾಕಾ, ಇಲ್ಲಾ ಹೋಗಿ ಹೇಳ್ಬೇಕಾ?

ಕಾಗೆಮರಿ:
ಡಿಲೀಟ್ ಆಯ್ತಲ್ಲ, ಬಿಡಿ ಗುರು. ದಿನಕ್ಕೆ ನೂರಾರು ಪೋಸ್ಟ್ ನೋಡ್ತಾರೆ ಜನ, ನಾಳೆಗೆ ನಿಮ್ಮ ಸೇತುವೆ ಯಾರಿಗೆ ನೆನಪಿರುತ್ತೆ.

ನಿದ್ದೆಗೆಟ್ಟವಳು:
ನೆನಪಿರುತ್ತೆ ಕಾಗೆಮರಿ, ಅದೇ ತೊಂದರೆ. ಸೇತುವೆ ಬಿರುಕು ಬಿಟ್ಟಿದೆ ಅನ್ನೋದು ನೆನಪಿರುತ್ತೆ, ಎಲ್ಲಿ ಓದಿದ್ದು ಯಾವಾಗ ಓದಿದ್ದು ಅನ್ನೋದು ಹಾರಿಹೋಗಿರುತ್ತೆ. ನಾನು ಒಂದ್ಸಲ ಹಳೇ ನಟರೊಬ್ಬರು ತೀರಿಕೊಂಡ್ರು ಅಂತ ಶ್ರದ್ಧಾಂಜಲಿ ಹಾಕಿದ್ದೆ, ದೀಪದ ಫೋಟೋ ಬೇರೆ. ಇಪ್ಪತ್ತು ನಿಮಿಷಕ್ಕೆ ಅವರು ಆರಾಮಾಗಿದಾರೆ ಅಂತ ಗೊತ್ತಾಗಿ ಅಳಿಸಿಬಿಟ್ಟೆ, ಯಾರೂ ನೋಡಿಲ್ಲ ಅಂದ್ಕೊಂಡೆ. ಆರು ತಿಂಗಳಾದ ಮೇಲೆ ಟಿವಿಲಿ ಅವರ ಸಂದರ್ಶನ ಬರ್ತಿತ್ತು, ಅಪ್ಪ "ಇದು ಹಳೇದು, ಅವರು ಹೋಗಿ ಎಷ್ಟು ದಿನ ಆಯ್ತು" ಅಂದ್ರು. ಇಲ್ಲಪ್ಪ ಬದುಕಿದಾರೆ ಅಂದೆ. "ನೀನೇ ಅಲ್ವಾ ಹಾಕಿದ್ದು" ಅಂದ್ರು! ನಾನು ಹಾಕಿದ್ದು ಅವರಿಗೆ ಕಂಡಿತ್ತು, ತೆಗೆದಿದ್ದು ಕಂಡಿರ್ಲಿಲ್ಲ. ತೆಗೆದಿದ್ದು ಯಾರಿಗಾದ್ರೂ ಹೇಗೆ ಕಾಣುತ್ತೆ ಹೇಳಿ.

ಅಡ್ಡಗೋಡಿ:
ವಾಟ್ಸಾಪಿನ್ಯಾಗ "ಈ ಸಂದೇಶ ಅಳಿಸಲಾಗಿದೆ" ಅಂತ ಕಾಣ್ತದಲ್ರೀ ಅಕ್ಕಾರ, ಅದನ್ನ ನೋಡಿ ಮಂದಿ ಏನ್ ಬರದಿದ್ದ ಏನ್ ಅಳಿಸಿದ ಅಂತ ಇನ್ನಷ್ಟು ಕುತೂಹಲಾ ಮಾಡ್ತಾರ. 😄 ಮತ್ತ ಇನ್ನೊಂದು, ನೀವು ಎಲ್ಲಾರಿಗೂ ಅಳಿಸಿದ್ರೂ ಅಷ್ಟರಾಗ ಯಾರರ ಬ್ಯಾರೆ ಗ್ರೂಪಿಗೆ ಫಾರ್ವರ್ಡ್ ಹೊಡದಿದ್ರ ಅಲ್ಲಿಂದ ಹೋಗಂಗಿಲ್ಲ. ಎಡಿಟ್ ಮಾಡಬೇಕಂದ್ರ ಕಳಿಸಿದ 15 ನಿಮಿಷದಾಗ ಮಾಡಬೇಕು, ರೇಡಿಯೋ ಸಾಹೇಬ್ರು ಆಗ ಗೊರಕಿ ಹೊಡಿಯಾಕತ್ತಿದ್ರು.

ಹಳೇ_ರೇಡಿಯೋ:
ಗೊರಕೆ ವಿಷ್ಯ ನಿಜ. ಫಾರ್ವರ್ಡ್ ಆಗಿರೋದೂ ನಿಜ, ಅತ್ತಿಗೆ ತಮ್ಮ ಆಫೀಸ್ ಗ್ರೂಪಿಗೆ ಹಾಕಿದ್ರಂತೆ, ನಿನ್ನೆ ಗೊತ್ತಾಯ್ತು.

ಸುಮ್ನೆ_ಇದೀನಿ:
ಎಲ್ಲೋ ಓದಿದ್ದೆ, 59% ಜನ ಸುದ್ದಿ ಓದದೇನೇ ಶೇರ್ ಮಾಡ್ತಾರಂತೆ. ನೀವೊಬ್ರೇ ಅಲ್ಲ ಸಾರ್, ಬೇಜಾರ್ ಮಾಡ್ಕೋಬೇಡಿ.

ಲೆಕ್ಕದ_ಮೇಷ್ಟ್ರು:
ಈ 59 ನೂ ರೇಡಿಯೋ ಅವರ ಸೇತುವೆ ತರಾನೇ ಆಗ್ಬಿಟ್ಟಿದೆ, ಎಲ್ಲರೂ ಹಾಕ್ತಾರೆ, ಒಳಗೆ ಏನಿದೆ ನೋಡಿದವರು ಕಮ್ಮಿ. ಅದು 2016 ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯವರೂ ಫ್ರಾನ್ಸಿನ ಇನ್ರಿಯಾ ಸಂಸ್ಥೆಯವರೂ ಸೇರಿ ಮಾಡಿದ ಅಧ್ಯಯನ. ಬಿಬಿಸಿ, ಸಿಎನ್‌ಎನ್, ನ್ಯೂಯಾರ್ಕ್ ಟೈಮ್ಸ್ ಸೇರಿ ಐದು ಸುದ್ದಿ ಸಂಸ್ಥೆಗಳದ್ದು ಟ್ವಿಟರಲ್ಲಿ ಓಡಾಡಿದ ಲಿಂಕುಗಳನ್ನ ತಗೊಂಡು, ಎಷ್ಟನ್ನ ಯಾರಾದ್ರೂ ಒತ್ತಿದಾರೆ ಅಂತ ಎಣಿಸಿದ್ರು. ಶೇರ್ ಆದ ಲಿಂಕುಗಳಲ್ಲಿ 59% ನ ಒಬ್ಬರೂ ಒತ್ತಿರ್ಲಿಲ್ಲ. ಅಂದ್ರೆ ಲೆಕ್ಕ ಲಿಂಕಿಂದು, ಜನರದ್ದಲ್ಲ. ಹಾಕಿದವರು ವೆಬ್‌ಸೈಟಲ್ಲೇ ನೇರ ಓದಿ ಹಾಕಿರಬಹುದು, ಅದು ಆ ಎಣಿಕೆಗೆ ಬರಲ್ಲ. "59% ಜನ ಓದಲ್ಲ" ಅನ್ನೋದು ಆಮೇಲೆ ಶೇರ್ ಆಗ್ತಾ ಆಗ್ತಾ ಹುಟ್ಟಿದ ಮಾತು.

ನಿಮಗೆ ಜನರ ಅಭ್ಯಾಸದ ಲೆಕ್ಕನೇ ಬೇಕಿದ್ರೆ 2024 ರಲ್ಲಿ ಬಂದಿದ್ದು ಹತ್ತಿರ ಇದೆ. ಫೇಸ್‌ಬುಕ್ಕಿನ 2017 ರಿಂದ 2020 ರ ತನಕದ ಮೂರೂವರೆ ಕೋಟಿ ಸಾರ್ವಜನಿಕ ಪೋಸ್ಟು ತಗೊಂಡು ನೋಡಿದ್ದು, ಲಿಂಕ್ ಇರೋ ಶೇರುಗಳಲ್ಲಿ ಮುಕ್ಕಾಲು ಪಾಲು ಶೇರ್ ಮಾಡಿದವರು ಕ್ಲಿಕ್ ಮಾಡದೇ ಮಾಡಿದ್ದು.

ಸುಮ್ನೆ_ಇದೀನಿ:
ಅಯ್ಯೋ ಸಮಾಧಾನ ಮಾಡೋಕೆ ಹೋಗಿ ನಾನೇ ಸಿಕ್ಕಿಹಾಕ್ಕೊಂಡೆ. ಆದ್ರೂ ಮೇಷ್ಟ್ರೇ, ಮುಕ್ಕಾಲು ಅಂದ್ರೆ ನಾನು ಹೇಳಿದ್ದಕ್ಕಿಂತ ಜಾಸ್ತಿನೇ ಆಯ್ತಲ್ವಾ.

ಲೆಕ್ಕದ_ಮೇಷ್ಟ್ರು:
ಆಯ್ತು. ಉತ್ತರ ಸರಿ ಬಂದಿದೆ, ಸ್ಟೆಪ್ಸ್ ತಪ್ಪು, ಅರ್ಧ ಮಾರ್ಕ್ಸ್ ಕೊಡ್ತೀನಿ.

ಅಡ್ಡಗೋಡಿ:
ಅಲ್ರೀ, ಮಂದಿ ಯಾಕ ಒತ್ತಂಗಿಲ್ಲ ಅಂತ ಯಾರೂ ಕೇಳವಲ್ರಿ. ಒತ್ತಿ ನೋಡ್ರಿ ಒಮ್ಮೆ. ಮೊದಲಕ ಕುಕೀಸ್ ಒಪ್ಕೋ ಅಂತದ, ಒಪ್ಕೊಂಡ್ರ ನೋಟಿಫಿಕೇಶನ್ ಬೇಕೇನು ಅಂತದ, ಬ್ಯಾಡ ಅಂದ್ರ ಕೆಳಗಿಂದ ಒಂದ್ ವಿಡಿಯೋ ತಾನ ಎದ್ದು ಒದರಾಕ ಶುರು ಮಾಡ್ತದ, ಅದನ್ನ ಮುಚ್ಚಾಕ ಇರೋ ಗುಣಾಕಾರದ ಗುರುತು ಸಾಸಿವಿ ಕಾಳಿಗಿಂತ ಸಣ್ಣದು, ಒತ್ತಿದ್ರ ಜಾಹೀರಾತಿಗೆ ಹೋಗಿ ಬೀಳ್ತೀವಿ. ಎಲ್ಲಾ ದಾಟಿ ಎರಡು ಸಾಲು ಓದಿದ್ವಿ ಅನ್ನೂದ್ರಾಗ ಪೂರ್ತಿ ಓದಬೇಕಂದ್ರ ರೊಕ್ಕ ಕಟ್ಟು ಅಂತದ. ಸುಳ್ಳು ಸುದ್ದಿಗೆ ಇದ್ಯಾವುದೂ ಇಲ್ಲ ನೋಡ್ರಿ, ಪೂರ್ತಿ ಪುಕ್ಕಟೆ, ಒಂದ ಸ್ಕ್ರೀನ್‌ಶಾಟಿನ್ಯಾಗ ಮುಗೀತು. ಓದ್ರಿ ಓದ್ರಿ ಅಂತೀರಿ, ಓದಾಕ ಬಿಡ್ರಿ ಮೊದ್ಲ!

ಡೆಸ್ಕ್_ಮನುಷ್ಯ:
ಅಡ್ಡಗೋಡಿಯವರ ಸಿಟ್ಟಿಗೆ ನಂದೂ ಒಂದು ಸಹಿ. ಪತ್ರಿಕೆ ಡೆಸ್ಕಲ್ಲಿ ತುಂಬಾ ವರ್ಷ ಕೂತವನು ನಾನು, ಆ ಕಡೆಯಿಂದ ಕಂಡಿದ್ದನ್ನ ಹೇಳ್ತೀನಿ. ನೀವು ನೋಡಿ ಸಿಟ್ಟಾಗೋ ಹೆಡ್ಡಿಂಗು ಸಾಮಾನ್ಯವಾಗಿ ವರದಿ ಬರೆದವರು ಕೊಟ್ಟಿದ್ದಲ್ಲ, ಡೆಸ್ಕಲ್ಲಿ ನನ್ನಂಥವನು ಜಾಗ ನೋಡ್ಕೊಂಡು ಕೊಟ್ಟಿದ್ದು. ಆನ್‌ಲೈನಿಗೆ ಬಂದ ಮೇಲೆ ಅದನ್ನ ಕ್ಲಿಕ್ ಬರ್ಲಿ ಅಂತ ಇನ್ನೊಬ್ಬ ತಿರುಚ್ತಾನೆ. ಹಾಗಾಗಿ ಹೆಡ್ಡಿಂಗ್ ಒಂದು ಹೇಳ್ತಿದ್ರೆ ಮೂರನೇ ಪ್ಯಾರಾ ಇನ್ನೊಂದು ಹೇಳೋದು ಅಪರೂಪ ಏನಲ್ಲ. ಎರಡನೇದು ತಾರೀಖು. ಮುದ್ರಿತ ಪತ್ರಿಕೆಯಲ್ಲಿ ತಾರೀಖು ತಪ್ಪೋಕೆ ಆಗಲ್ಲ, ಹಾಳೆ ತಲೆ ಮೇಲೇ ಇರುತ್ತೆ, ಹಳೇ ಪೇಪರ್ ಕೈಲಿ ಹಿಡಿದ್ರೆ ಬಣ್ಣದಲ್ಲೇ ಗೊತ್ತಾಗುತ್ತೆ. ಲಿಂಕ್ ಶೇರ್ ಮಾಡಿದಾಗ ಬರೋ ಕಾರ್ಡಲ್ಲಿ ಇರೋದು ಚಿತ್ರ, ಹೆಡ್ಡಿಂಗು, ಸೈಟಿನ ಹೆಸರು ಅಷ್ಟೇ. ನಾಲ್ಕು ವರ್ಷದ್ದೂ ನಾಲ್ಕು ನಿಮಿಷದ್ದೂ ಒಂದೇ ಥರ ಹೊಳೀತಿರುತ್ತೆ. ಕೆಲವು ಸೈಟುಗಳಲ್ಲಂತೂ ಏನೋ ಒಂದು ಅಕ್ಷರ ತಿದ್ದಿದ್ರೂ "ಅಪ್‌ಡೇಟ್ ಆಗಿದ್ದು" ಅಂತ ಇವತ್ತಿನ ತಾರೀಖು ಕೂತ್ಕೊಳುತ್ತೆ, ಒಳಗೆ ಹೋಗಿ ನೋಡಿದವರೂ ಮೋಸ ಹೋಗ್ತಾರೆ.

ಇದಕ್ಕೆ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2019 ರಲ್ಲಿ ಒಂದು ಕೆಲಸ ಮಾಡ್ತು, ಹಳೇ ಲೇಖನ ಶೇರ್ ಆದಾಗ ಕಾರ್ಡಿನ ಚಿತ್ರದ ಮೇಲೇ ವರ್ಷ ಅಚ್ಚಾಗಿ ಬರೋ ಹಾಗೆ. ಫೇಸ್‌ಬುಕ್ 2020 ರಲ್ಲಿ 90 ದಿನಕ್ಕಿಂತ ಹಳೇ ಸುದ್ದಿ ಶೇರ್ ಮಾಡೋಕೆ ಹೋದ್ರೆ "ಇದು ಹಳೇದು, ಹಾಕ್ತೀರಾ?" ಅಂತ ಕೇಳೋ ಕಿಟಕಿ ತಂತು. ರೇಡಿಯೋ ಅವರಿಗೆ ಅಂಥದ್ದೇನಾದ್ರೂ ಬಂತಾ?

ಹಳೇ_ರೇಡಿಯೋ:
ಬಂದಿದ್ರೂ ಬಂದಿರಬಹುದು ಸಾರ್. ಕಿಟಕಿ ಬಂದ್ರೆ ಓದದೇ ಸರಿ ಅಂತ ಒತ್ತೋದು ನನ್ನ ಬೆರಳಿಗೆ ಅಭ್ಯಾಸ ಆಗಿಹೋಗಿದೆ.

ನಿದ್ದೆಗೆಟ್ಟವಳು:
ಆ ಕಿಟಕಿಗಳು ಪೂರಾ ವೇಸ್ಟ್ ಅಲ್ಲ. ಟ್ವಿಟರ್ 2020 ರಲ್ಲಿ "ಮೊದಲು ಓದ್ತೀರಾ?" ಅಂತ ಕೇಳೋಕೆ ಶುರು ಮಾಡಿದಾಗ, ಅದನ್ನ ನೋಡಿದವರು ಲೇಖನ ತೆಗೆಯೋದು 40% ಜಾಸ್ತಿ ಆಯ್ತು ಅಂತ ಕಂಪನಿನೇ ಹೇಳಿತ್ತು, ಓದಿದ ಮೇಲೆ ಶೇರ್ ಮಾಡೋದು ಬೇಡ ಅಂತ ಬಿಟ್ಟವರೂ ಇದ್ರಂತೆ. ನಾರ್ವೆಯ ಸರ್ಕಾರಿ ಪ್ರಸಾರ ಸಂಸ್ಥೆಯ ಒಂದು ತಂತ್ರಜ್ಞಾನ ಸೈಟಲ್ಲಿ 2017 ರಲ್ಲಿ ಇನ್ನೂ ಮಜಾ ಮಾಡಿದ್ರು, ಲೇಖನದ ಬಗ್ಗೆ ಮೂರು ಪ್ರಶ್ನೆಗೆ ಸರಿ ಉತ್ತರ ಕೊಟ್ರೆ ಮಾತ್ರ ಕಾಮೆಂಟ್ ಬಾಕ್ಸ್ ತೆರ್ಕೊಳೋದು.

ಅಡ್ಡಗೋಡಿ:
ಮೂರು ಪ್ರಶ್ನೆ ಇಟ್ರ ನಮ್ಮ ಚಾವಡಿ ಅರ್ಧ ಖಾಲಿ ಆಗ್ತದ. ಉಳದವರಾಗ ನಾ ಇರಂಗಿಲ್ಲ.

ಲೆಕ್ಕದ_ಮೇಷ್ಟ್ರು:
ರೇಡಿಯೋ ಅಂದಕೂಡ್ಲೇ ನೆನಪಾಯ್ತು. ಅಮೆರಿಕದ ಎನ್‌ಪಿಆರ್ ರೇಡಿಯೋದವರು 2014 ರ ಏಪ್ರಿಲ್ ಒಂದಕ್ಕೆ ಫೇಸ್‌ಬುಕ್ಕಲ್ಲಿ ಒಂದು ಲಿಂಕ್ ಹಾಕಿದ್ರು, ಅಮೆರಿಕದವರು ಓದೋದನ್ನ ಯಾಕೆ ಬಿಟ್ಟಿದಾರೆ ಅನ್ನೋ ಅರ್ಥದ ಹೆಡ್ಡಿಂಗು. ಒಳಗೆ ಹೋದ್ರೆ, ಇದು ತಮಾಷೆ, ನಮ್ಮ ಪೋಸ್ಟ್ ಓದದೇ ಕಾಮೆಂಟ್ ಮಾಡೋರು ಎಷ್ಟಿದಾರೆ ನೋಡೋಣ ಅಂತ, ನೀವು ಒಳಗೆ ಬಂದಿದೀರಲ್ಲ, ಸುಮ್ನೆ ಲೈಕ್ ಒತ್ತಿ ಹೋಗಿ ಅಂತ ಬರ್ದಿತ್ತು. ಹೊರಗೆ ಕಾಮೆಂಟಲ್ಲಿ "ನಾನು ಓದ್ತೀನಿ, ನಮ್ಮನ್ನ ಹೀಗೆ ಅನ್ನೋಕೆ ನೀವ್ಯಾರು" ಅಂತ ಜಗಳ ನಡೀತಾ ಇತ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ.

ಕಾಗೆಮರಿ:
ಎಲ್ಲಾ ಸರಿ, ಆದ್ರೆ ನೀವೆಲ್ಲ ಒಂದು ಹಳೇ ಲಿಂಕಿಗೆ ತುಂಬಾ ದೊಡ್ಡ ಪಂಚಾಯ್ತಿ ಮಾಡ್ತಿದೀರ ಅನ್ಸುತ್ತೆ. ಸುಳ್ಳು ಹರಡೋದು ಕಂಪ್ಯೂಟರ್ ತಾನೇ ನಡೆಸೋ ಖಾತೆಗಳು, ಅಂದ್ರೆ ಬಾಟ್‌ಗಳು, ಐಟಿ ಸೆಲ್‌ಗಳು, ದುಡ್ಡು ತಗೊಂಡು ಕೂತು ಮಾಡೋರು. ಮನೆ ಗ್ರೂಪಲ್ಲಿ ಹಾಕೋ ನಮ್ಮಿಂದ ಏನ್ ಮಹಾ ಆಗುತ್ತೆ.

ಲೆಕ್ಕದ_ಮೇಷ್ಟ್ರು:
ದುಡ್ಡು ತಗೊಂಡು ಹುಟ್ಟಿಸೋರು ಇದಾರೆ, ಇಲ್ಲ ಅನ್ನಲ್ಲ. ಹರಡೋದು ಬೇರೆ ಕೆಲಸ. ಅಮೆರಿಕದ ಎಂಐಟಿ ಯೂನಿವರ್ಸಿಟಿಯವರು 2018 ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಹಾಕಿದ್ದು ನೋಡಿ, ಟ್ವಿಟರಲ್ಲಿ 2006 ರಿಂದ 2017 ರ ತನಕ ಸುಮಾರು 30 ಲಕ್ಷ ಜನ ಹಂಚಿದ ಸುದ್ದಿಗಳನ್ನ ತಗೊಂಡು ಮಾಡಿದ್ದು. ಸುಳ್ಳು ಸುದ್ದಿ ಮತ್ತೆ ಶೇರ್ ಆಗೋ ಸಾಧ್ಯತೆ ನಿಜಕ್ಕಿಂತ 70% ಜಾಸ್ತಿ, ನಿಜ ಸುದ್ದಿ 1500 ಜನಕ್ಕೆ ಮುಟ್ಟೋಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಬೇಕಾಗಿತ್ತು. ನಿಮ್ಮ ಬಾಟ್‌ಗಳನ್ನ ಲೆಕ್ಕದಿಂದ ತೆಗೆದು ನೋಡಿದ್ರು, ಫಲಿತಾಂಶ ಬದಲಾಗ್ಲಿಲ್ಲ. ಬಾಟು ನಿಜನೂ ಸುಳ್ಳೂ ಒಂದೇ ಸಮ ಹರಡುತ್ತೆ. ಸುಳ್ಳಿನ ಕಡೆ ವಾಲಿದ್ದು ಮನುಷ್ಯರು, ಹೊಸದು ಅನ್ಸಿದ್ದು ಬೇಗ ಹರಡ್ತು ಅಂತ ಅವರ ವಿವರಣೆ.

ನಮ್ಮಿಂದ ಏನ್ ಮಹಾ ಅಂದ್ರಿ. 2013 ರ ಏಪ್ರಿಲ್ 23 ಕ್ಕೆ ಎಪಿ ಸುದ್ದಿ ಸಂಸ್ಥೆಯ ಟ್ವಿಟರ್ ಖಾತೆನ ಯಾರೋ ಹ್ಯಾಕ್ ಮಾಡಿ, ಶ್ವೇತಭವನದಲ್ಲಿ ಸ್ಫೋಟ, ಒಬಾಮಾಗೆ ಗಾಯ ಅಂತ ಒಂದು ಸಾಲು ಹಾಕಿದ್ರು. ಅಮೆರಿಕದ ಷೇರುಪೇಟೆ ಸೂಚ್ಯಂಕ ಡೌ ಜೋನ್ಸ್ ನಿಮಿಷಗಳಲ್ಲಿ 140 ಚಿಲ್ಲರೆ ಅಂಕ ಬಿದ್ದು, ಸುಳ್ಳು ಅಂತ ಗೊತ್ತಾಗಿ ಮತ್ತೆ ಎದ್ದಿತು. ಅದರಲ್ಲಿ ಮಾರಿದ್ದು ಬಹುಶಃ ಕಂಪ್ಯೂಟರೂ ಇರಬಹುದು, ರೀಟ್ವೀಟ್ ಒತ್ತಿದ್ದು ನಮ್ಮಂಥವರೇ.

ಕಾಗೆಮರಿ:
ಸರಿ ಹಾಗಿದ್ರೆ ಇದಕ್ಕೆ ಉತ್ತರ ಕೊಡಿ. ತಪ್ಪು ಅಂತ ತೋರಿಸಿದ್ರೆ ಜನ ಇನ್ನೂ ಹಠ ಹಿಡೀತಾರೆ, ನಂಬಿದ್ದನ್ನೇ ಗಟ್ಟಿಯಾಗಿ ನಂಬ್ತಾರೆ ಅಂತಾನೂ ಸಂಶೋಧನೆ ಇದೆಯಲ್ಲ. ಹಾಗಿದ್ಮೇಲೆ ರೇಡಿಯೋ ಅವರು ಹೋಗಿ ತಿದ್ದೋದ್ರಿಂದ ಏನ್ ಲಾಭ? ಮರ್ಯಾದೆನೂ ಹೋಯ್ತು, ನಂಬೋರು ನಂಬ್ತಾನೂ ಇರ್ತಾರೆ.

ಲೆಕ್ಕದ_ಮೇಷ್ಟ್ರು:
ಒಳ್ಳೇ ಪ್ರಶ್ನೆ. 2010 ರಲ್ಲಿ ಹಾಗಂತ ಒಂದು ಪ್ರಬಂಧ ಬಂದು ಭಾರೀ ಹೆಸರಾಯ್ತು. ಆಮೇಲೆ ಬೇರೆಯವರು 10,000 ಕ್ಕೂ ಹೆಚ್ಚು ಜನರ ಮೇಲೆ 52 ವಿಷಯ ಇಟ್ಕೊಂಡು ಪರೀಕ್ಷೆ ಮಾಡಿದ್ರು, 2019 ರಲ್ಲಿ ಅಚ್ಚಾಯ್ತು, ಆ ಥರ ತಿರುಗಿಬೀಳೋದು ಹೆಚ್ಚುಕಮ್ಮಿ ಸಿಗಲೇ ಇಲ್ಲ. ತಿದ್ದಿದ್ರೆ ಸಾಮಾನ್ಯವಾಗಿ ಜನ ಸ್ವಲ್ಪವಾದ್ರೂ ತಿದ್ದಿಕೊಳ್ತಾರೆ. ಪೂರ್ತಿ ಅಳಿಸಿಹೋಗಲ್ಲ, ಅದೂ ನಿಜ, ನಿದ್ದೆಗೆಟ್ಟವಳು ಅವರ ಅಪ್ಪನ ಹಾಗೆ ಎಲ್ಲೋ ಒಂದು ಮೂಲೆಲಿ ಉಳ್ಕೊಂಡಿರುತ್ತೆ. ಆದ್ರೆ ಅವರ ಅಪ್ಪನಿಗೆ ಯಾರೂ ತಿದ್ದಿರ್ಲೇ ಇಲ್ಲ ಅನ್ನೋದನ್ನ ಗಮನಿಸಿ.

ನಿದ್ದೆಗೆಟ್ಟವಳು:
ಮನೇಲಿ ಈಗ ಏನಾದ್ರೂ ಸುದ್ದಿ ಹೇಳಿದ್ರೆ ಅಪ್ಪ ಕೇಳೋ ಮೊದಲ ಮಾತು, "ಬದುಕಿದಾರಾ ಸರಿಯಾಗಿ ನೋಡು".

ಡೆಸ್ಕ್_ಮನುಷ್ಯ:
ಮರ್ಯಾದೆ ವಿಷ್ಯಕ್ಕೆ ಒಂದು ಮಾತು. ಪತ್ರಿಕೆಗಳು ಮೊದಲ ಪುಟದಲ್ಲಿ ತಪ್ಪು ಹಾಕಿ, ಒಳಪುಟದ ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ತಿದ್ದುಪಡಿ ಹಾಕ್ತವೆ, ನಾವೂ ಹಾಕಿದೀವಿ. ವೆಬ್‌ಸೈಟಲ್ಲಾದ್ರೆ ಅದೂ ಇಲ್ಲ, ಎಷ್ಟೋ ಕಡೆ ಸದ್ದಿಲ್ಲದೆ ಸಾಲು ಬದಲಾಯಿಸಿ ಕೈ ತೊಳ್ಕೊಳ್ತಾರೆ. ನಿಮ್ಮ ಡಿಲೀಟೂ ಅದೇ ಜಾತಿ. ತಪ್ಪು ಯಾವ ದಾರಿಲಿ ಹೋಯ್ತೋ ತಿದ್ದುಪಡಿನೂ ಅದೇ ದಾರಿಲಿ, ಅಷ್ಟೇ ಜೋರಾಗಿ ಹೋಗ್ಬೇಕು. ಫೇಸ್‌ಬುಕ್ಕಲ್ಲಿ ಹಾಕಿದ್ರೆ ಫೇಸ್‌ಬುಕ್ಕಲ್ಲಿ, ಗ್ರೂಪಲ್ಲಿ ಹಾಕಿದ್ರೆ ಗ್ರೂಪಲ್ಲಿ, ಅತ್ತಿಗೆ ಆಫೀಸಿಗೆ ಹೋಗಿದ್ರೆ ಅಲ್ಲಿಗೂ. ಏನ್ ಬರೀತೀರ ಇಲ್ಲಿ ಹಾಕಿ, ನೋಡೋಣ.

ಹಳೇ_ರೇಡಿಯೋ:
ಬರ್ದಿದೀನಿ ಸಾರ್: "ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ನಾನು ಸೇತುವೆ ಬಿರುಕು ಬಿಟ್ಟಿದೆ, ಸಂಚಾರ ಬಂದ್ ಆಗಿದೆ ಅಂತ ಒಂದು ಸುದ್ದಿ ಹಾಕಿದ್ದೆ. ಕೆಲಸದ ಒತ್ತಡದಲ್ಲಿ, ಜನರ ಸುರಕ್ಷತೆಯ ಕಾಳಜಿಯಿಂದ, ಬೇರೆಯವರು ಹಾಕಿದ್ದನ್ನ ನಂಬಿ ಹಾಕಿದ್ದು. ಅದು ಹಳೆಯದು ಎಂದು ತಿಳಿದುಬಂದಿರುತ್ತದೆ. ಯಾರಿಗಾದರೂ ತೊಂದರೆ ಆಗಿದ್ದಲ್ಲಿ ವಿಷಾದಿಸುತ್ತೇನೆ."

ಡೆಸ್ಕ್_ಮನುಷ್ಯ:
ಕೆಂಪು ಪೆನ್ನು ತಗೊಂಡೆ, ಬೈಬೇಡಿ. ಮೊದಲ ಸಾಲಲ್ಲೇ ಮತ್ತೆ ಬಿರುಕು, ಬಂದ್ ಅಂತಿದೆ. ಅರ್ಧ ಜನ ಅಷ್ಟೇ ಓದಿ ಅಯ್ಯೋ ಮತ್ತೆ ಬಿರುಕಾ ಅಂತಾರೆ. ನಿಜ ಏನೋ ಅದು ಮೊದಲು ಬರ್ಲಿ, "ಸೇತುವೆ ತೆರೆದಿದೆ". ಒತ್ತಡ, ಕಾಳಜಿ, ಬೇರೆಯವರನ್ನ ನಂಬಿ, ಮೂರೂ ಹೊಡೆದುಹಾಕಿ, ಅದು ನಿಮ್ಮ ವಕೀಲರು ಬರ್ದ ಹಾಗಿದೆ. "ತಿಳಿದುಬಂದಿರುತ್ತದೆ" ಅಂದ್ರೆ ಯಾರಿಗೆ? "ಯಾರಿಗಾದರೂ ಆಗಿದ್ದಲ್ಲಿ" ಅಂದ್ರೆ ಏನು, ಅತ್ತಿಗೆಗೆ ಆಗಿದೆ ಅಂತ ನಿಮಗೇ ಗೊತ್ತು. ಕೊನೆಗೆ ಫಾರ್ವರ್ಡ್ ಮಾಡಿದವರಿಗೆ ಒಂದು ಕೆಲಸ ಹೇಳಿ, ಇಲ್ಲಾಂದ್ರೆ ಇಮೋಜಿ ಹಾಕಿ ಮುಂದೆ ಹೋಗ್ತಾರೆ.

ನಿದ್ದೆಗೆಟ್ಟವಳು:
ಹಳೇ ಲಿಂಕನ್ನ ಮತ್ತೆ ಅಂಟಿಸ್ಬೇಡಿ ರೇಡಿಯೋ ಅಣ್ಣ, ಅದರ ಕಾರ್ಡು ಮತ್ತೆ ದೊಡ್ಡದಾಗಿ ಬರುತ್ತೆ. ತೋರಿಸ್ಲೇಬೇಕು ಅಂದ್ರೆ ತಾರೀಖು ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ಅದರ ಮೇಲೆ "ಹಳೇದು" ಅಂತ ಗೀಚಿ ಹಾಕಿ. ಸುಮ್ನೆ ಸ್ಕ್ರೀನ್‌ಶಾಟ್ ಬಿಟ್ರೆ ಅದಕ್ಕೇ ಕಾಲು ಬಂದು ಇನ್ನೆರಡು ವರ್ಷಕ್ಕೆ ಮತ್ತೆ ಓಡಾಡುತ್ತೆ. ಹೆದ್ದಾರಿ ನೀರಲ್ಲಿ ಈಜೋ ಶಾರ್ಕ್ ಫೋಟೋ ನೋಡಿಲ್ವಾ, 2011 ರ ಚಂಡಮಾರುತದಲ್ಲಿ ಹುಟ್ಟಿದ್ದು, 2017 ರ ಚಂಡಮಾರುತದಲ್ಲೂ ಈಜ್ತಿತ್ತು. ಆ ಶಾರ್ಕು ನಿಜವಾದ ಫೋಟೋದ್ದೇ, ಸಮುದ್ರದಲ್ಲಿ ದೋಣಿ ಹಿಂದೆ ಬರ್ತಿದ್ದನ್ನ ಕತ್ತರಿಸಿ ರಸ್ತೆ ಮೇಲೆ ಅಂಟಿಸಿದ್ದು.

ಸುಮ್ನೆ_ಇದೀನಿ:
ಈಗ ಕತ್ತರಿಸಿ ಅಂಟಿಸೋ ಕಷ್ಟನೂ ಇಲ್ಲ ಅಕ್ಕ. 2023 ರಲ್ಲಿ ಪೋಪ್ ಬಿಳೀ ದಪ್ಪ ಜಾಕೆಟ್ ಹಾಕಿದ್ದು ಬಂತಲ್ಲ, ನಾನು ಹದಿನೈದು ಜನಕ್ಕೆ ಕಳಿಸಿದೀನಿ, ಚೆನ್ನಾಗಿದೆ ಅಂತ. ಎಐ ಚಿತ್ರ ಅಂತ ಗೊತ್ತಾದ್ಮೇಲೆ ಒಬ್ಬರಿಗೂ ಹೇಳಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಯಾವಾಗ್ಲೋ ಹೇಳಿಟ್ಟಿದಾರೆ.

ಅಡ್ಡಗೋಡಿ:
ನಾ ಅಂತೂ ಅದನ್ನ ಡಿಪಿ ಇಟ್ಕೊಂಡಿದ್ನಿ. ಸುಳ್ಳಾದ್ರೂ ಜಾಕೆಟ್ ಭಾರೀ ಇತ್ತು.

ಹಳೇ_ರೇಡಿಯೋ:
ಹಾಕ್ದೆ. ಎರಡೂ ಕಡೆ. ಇಷ್ಟೇ ಬರ್ದಿದ್ದು: "ಸೇತುವೆ ತೆರೆದಿದೆ, ಎಂದಿನಂತೆ ಓಡಾಡಬಹುದು. ಮೊನ್ನೆ ನಾನು ಹಾಕಿದ್ದು ನಾಲ್ಕು ವರ್ಷ ಹಳೇ ಸುದ್ದಿ. ಲಿಂಕ್ ತೆಗೆದು ನೋಡದೇ ಹಾಕಿದ್ದು ನನ್ನ ತಪ್ಪು. ಅತ್ತಿಗೆ, ಕ್ಷಮಿಸಿ. ಯಾರು ಅದನ್ನ ಮುಂದೆ ಕಳಿಸಿದ್ರೋ ಇದನ್ನೂ ಅಲ್ಲಿಗೇ ಕಳಿಸಿ."

ಸುದ್ದಿಗೆ ನಲವತ್ತೊಂದು ಕಾಮೆಂಟ್ ಬಂದಿತ್ತು, ಇದಕ್ಕೆ ಇಲ್ಲೀವರೆಗೆ ಆರು. ಒಬ್ಬರು "ಇರ್ಲಿ ಬಿಡಿ, ಇವತ್ತಲ್ಲ ನಾಳೆ ಬೀಳೋದೇ ಅದು" ಅಂತ ಹಾಕಿದಾರೆ. ನನಗೆ ಆ ಲಿಂಕ್ ಸಿಕ್ಕಿದ್ದ ಪರಿಚಯದವರಿಗೆ ಬೇರೆಯಾಗಿ ಮೆಸೇಜ್ ಮಾಡ್ದೆ. "ನಂಗೂ ಯಾರೋ ಕಳಿಸಿದ್ರು" ಅಂದ್ರು, ಈಗ ನೋಡಿದ್ರೂ ಅವರ ಗೋಡೆ ಮೇಲೆ ಹಾಗೇ ಇದೆ, ಶೇರ್ ಲೆಕ್ಕ ಇನ್ನೂ ಏರ್ತಿದೆ.

ಕಾಗೆಮರಿ:
ನೋಡಿದ್ರಾ, ನಾನು ಹೇಳಿರ್ಲಿಲ್ವಾ? ನಲವತ್ತೊಂದಕ್ಕೆ ಆರು.

ಲೆಕ್ಕದ_ಮೇಷ್ಟ್ರು:
ಸೊನ್ನೆಗಿಂತ ಆರು ಜಾಸ್ತಿ ಕಣಪ್ಪ.

ನಿದ್ದೆಗೆಟ್ಟವಳು:
ಅತ್ತಿಗೆ ಏನಂದ್ರು ಅಣ್ಣ?

ಹಳೇ_ರೇಡಿಯೋ:
ಆಫೀಸ್ ಗ್ರೂಪಿಗೆ ಕಳಿಸಿದ್ರಂತೆ, ಅಲ್ಲಿ ಇನ್ನಿಬ್ರು ಎರಡು ದಿನದಿಂದ ಸುತ್ತು ಹಾಕ್ಕೊಂಡೇ ಬರ್ತಿದ್ರಂತೆ. ನನಗೆ ಬರ್ದಿದ್ದು ಒಂದೇ ಸಾಲು: "ಡಾಕ್ಟರ್ ಸೋಮವಾರ ಹತ್ತು ಗಂಟೆಗೆ ಬರೋಕೆ ಹೇಳಿದಾರೆ, ನೀನೇ ಬಂದು ಕರ್ಕೊಂಡು ಹೋಗು, ಸೇತುವೆ ಮೇಲಿಂದ."